ಸಂತ ಆಲ್ಬನರ ಊರಿನಲ್ಲಿ ಮನೆಯ ಬೆಲೆ

ಒಂದು ಕಾಲಕ್ಕೆ ಧರ್ಮಕೇಂದ್ರದ ಕಚೇರಿಗೆ ಜನರು ಬರುತ್ತಿದ್ದುದು ಜ್ಞಾನಸ್ನಾನ, ವಿವಾಹ, ಮರಣ ಇವುಗಳ ನಿಮಿತ್ತವಾಗಿ. ಗಡಿಕಲ್ಲಿನ ತಕರಾರು, ಅಣ್ಣತಮ್ಮಂದಿರ ಮನಸ್ತಾಪ ಮುಂತಾದವು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದವು. ಈಚಿನ ಕೆಲವು ವರ್ಷಗಳಿಂದ ಹೊಸ ಬಗೆಯ ಪ್ರಶ್ನೆಯೊಂದು ಬರತೊಡಗಿದೆ. ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಲಂಡನ್ನಿನ ಬಳಿಯ ಒಂದು ಊರಿನಲ್ಲಿ ಮನೆ ಕೊಳ್ಳುವ ಆಲೋಚನೆ ಅವರಿಗಿದೆ. ಊರು ಚೆನ್ನಾಗಿದೆ, ಶಾಲೆ ಚೆನ್ನಾಗಿದೆ, ಇಗರ್ಜಿಯೂ ಹತ್ತಿರವಿದೆ. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. "ಇಲ್ಲಿಯ ತೋಟ ಮಾರಿ ಹಣ ಕಳುಹಿಸುವುದು ಸರಿಯೋ, ಫಾದರ್?" ಎಂದು ಹೆತ್ತವರು ಕೇಳುತ್ತಾರೆ. ಗುರುಮಠದಲ್ಲಿ ನಮಗೆ ಕಲಿಸಿದ ಯಾವ ಪಾಠದಲ್ಲಿಯೂ ಇದಕ್ಕೆ ನೇರ ಉತ್ತರವಿಲ್ಲ. ಆದರೂ ಪ್ರಶ್ನೆ ಒಂದು ಮನೆಯದಲ್ಲ, ಹಲವು ಮನೆಗಳದು. ಆದುದರಿಂದ ಈ ಅಂಕಣದಲ್ಲಿ ಅದನ್ನು ತೂಗಿನೋಡುವುದು ಉಚಿತವೆಂದು ನಮಗೆ ತೋರಿದೆ.

ಕರಾವಳಿಯ ಕಥೋಲಿಕರಿಗೆ ವಲಸೆ ಹೊಸದೇನೂ ಅಲ್ಲ. ಮೊದಲು ಮುಂಬಯಿ, ಬಳಿಕ ಕೊಲ್ಲಿ ದೇಶಗಳು. ಮುಂಬಯಿಯ ಒಳಗೆ ಇರಲಾರದೆ ಮೀರಾ ರೋಡ್, ವಸಾಯಿ, ವಿರಾರ್‌ಗಳಲ್ಲಿ ಮನೆ ಮಾಡಿ, ನಸುಕಿನಲ್ಲೆದ್ದು ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಚರ್ಚ್‌ಗೇಟಿಗೆ ಹೋಗಿಬಂದವರು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. ಕೆಲಸ ಒಂದೆಡೆ, ನಿದ್ರೆ ಇನ್ನೊಂದೆಡೆ ಎಂಬ ಜೀವನಕ್ರಮದ ಸುಖದುಃಖಗಳನ್ನು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಈಗಿನ ತಲೆಮಾರು ನರ್ಸುಗಳಾಗಿ, ಇಂಜಿನಿಯರುಗಳಾಗಿ ಇಂಗ್ಲೆಂಡಿಗೆ ಹೋಗುತ್ತಿದೆ. ಹೋದವರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಹೆಸರು ಸೇಂಟ್ ಆಲ್ಬನ್ಸ್. ಲಂಡನ್ನಿನ ಸುತ್ತ ಇಂಥ ಊರುಗಳು ಹತ್ತಾರಿವೆ. ಆದರೆ ಒಂದನ್ನು ಚೆನ್ನಾಗಿ ನೋಡಿದರೆ ಉಳಿದವುಗಳ ಗುಣವೂ ತಿಳಿಯುತ್ತದೆ. ಅಲ್ಲದೆ ಈ ಊರಿಗೂ ನಮ್ಮ ವಿಶ್ವಾಸಕ್ಕೂ ಹಳೆಯ ನಂಟುಂಟು.

ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 32 ಕಿಲೋಮೀಟರು ದೂರದಲ್ಲಿ, ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದಲ್ಲಿ ಈ ನಗರವಿದೆ. ರೋಮನರ ಕಾಲದಲ್ಲಿ ಇದರ ಹೆಸರು ವೆರುಲಾಮಿಯಂ. ಮೂರನೆಯ ಶತಮಾನದಲ್ಲೋ ನಾಲ್ಕನೆಯದರ ಆರಂಭದಲ್ಲೋ ಇಲ್ಲಿ ಆಲ್ಬನ್ ಎಂಬ ಗೃಹಸ್ಥನಿದ್ದ. ಆತ ಆಗಿನ್ನೂ ಕ್ರೈಸ್ತನಾಗಿರಲಿಲ್ಲ. ಹಿಂಸೆಯಿಂದ ತಪ್ಪಿಸಿಕೊಂಡು ಓಡಿಬಂದ ಒಬ್ಬ ಕ್ರೈಸ್ತ ಗುರುವಿಗೆ ತನ್ನ ಮನೆಯಲ್ಲಿ ಆಶ್ರಯ ಕೊಟ್ಟ. ಅವರ ಪ್ರಾರ್ಥನೆಯನ್ನು ಕಂಡು ಮನಸ್ಸು ತಿರುಗಿ ವಿಶ್ವಾಸವನ್ನು ಸ್ವೀಕರಿಸಿದ. ಸೈನಿಕರು ಬಂದಾಗ ಗುರುವಿನ ನಿಲುವಂಗಿಯನ್ನು ತಾನು ತೊಟ್ಟು ಅವರ ಬದಲಿಗೆ ತಾನೇ ಹೋದ. ಊರಾಚೆಯ ಗುಡ್ಡದ ಮೇಲೆ ಆತನ ಶಿರಚ್ಛೇದವಾಯಿತು. ಬ್ರಿಟನ್ನಿನ ಮೊದಲ ರಕ್ತಸಾಕ್ಷಿಯೆಂದು ಧರ್ಮಸಭೆ ಆತನನ್ನು ಗೌರವಿಸುತ್ತದೆ. ಎಂಟನೆಯ ಶತಮಾನದ ಪೂಜ್ಯ ಬೀಡರು ತಮ್ಮ ಇತಿಹಾಸಗ್ರಂಥದಲ್ಲಿ ಈ ವೃತ್ತಾಂತವನ್ನು ವಿವರವಾಗಿ ಬರೆದಿದ್ದಾರೆ. ಅನಂತರ ಗುಡ್ಡದ ಮೇಲೆ ದೊಡ್ಡ ಸನ್ಯಾಸಿಮಠವೆದ್ದಿತು. 1539ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮಠವನ್ನು ವಿಸರ್ಜಿಸಲಾಯಿತು. ದೇವಾಲಯ ಮಾತ್ರ ಉಳಿದು, 1877ರಲ್ಲಿ ಆಂಗ್ಲಿಕನ್ ಸಭೆಯ ಪ್ರಧಾನಾಲಯವಾಯಿತು. 2002ರಲ್ಲಿ ಜರ್ಮನಿಯ ಕೊಲೋನಿನ ಕಥೋಲಿಕ ದೇವಾಲಯವೊಂದು ಸಂತರ ಅವಶೇಷದ ಒಂದಂಶವನ್ನು ಈ ಆಂಗ್ಲಿಕನ್ ಪ್ರಧಾನಾಲಯಕ್ಕೆ ಕೊಟ್ಟಿತು. ಐಕ್ಯದ ಬಗ್ಗೆ ಎಷ್ಟೋ ಸಮ್ಮೇಳನಗಳಲ್ಲಿ ಆಡಿದ ಮಾತುಗಳಿಗಿಂತ ಇಂಥ ಒಂದು ಕೊಡುಗೆ ಹೆಚ್ಚು ಹೇಳುತ್ತದೆಂದು ನಾವು ಬಲ್ಲೆವು.

ಊರಿನ ಸೊಗಸಿನ ಕುರಿತು ಹೋದವರು ಹೇಳುವುದು ಉತ್ಪ್ರೇಕ್ಷೆಯಲ್ಲ. ರೋಮನರ ರಂಗಮಂದಿರದ ಅವಶೇಷ, ಹಳೆಯ ಗಡಿಯಾರದ ಗೋಪುರ, ಬುಧವಾರ ಮತ್ತು ಶನಿವಾರಗಳ ಸಂತೆ, ವರ್ ಎಂಬ ಪುಟ್ಟ ಹೊಳೆ, ಅದರ ಬದಿಗೆ ವಿಶಾಲವಾದ ಉದ್ಯಾನ. ಮಕ್ಕಳು ಓಡಾಡಲು ಜಾಗವಿದೆ, ಮುದುಕರು ಕುಳಿತುಕೊಳ್ಳಲು ಬೆಂಚುಗಳಿವೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಬಾಲ್ಯವನ್ನು ಕಳೆದು ಶಾಲೆ ಕಲಿತದ್ದು ಇಲ್ಲಿಯೇ. ಒಳ್ಳೆಯ ಊರಿನಲ್ಲಿ ಮಕ್ಕಳನ್ನು ಬೆಳೆಸಬೇಕೆಂಬ ಆಸೆಯನ್ನು ಯಾವ ಗುರುವೂ ಪಾಪವೆನ್ನಲಾರ.

ಇನ್ನು ಬೆಲೆಯ ವಿಷಯ. ಈ ಜಿಲ್ಲೆಯಲ್ಲಿ ಒಂದು ಮನೆಯ ಸರಾಸರಿ ಬೆಲೆ ಈಚಿನ ವರ್ಷಗಳಲ್ಲಿ ಸುಮಾರು 6 ಲಕ್ಷ ಪೌಂಡು. ಪೌಂಡಿಗೆ 115 ರೂಪಾಯಿಯಂತೆ ಲೆಕ್ಕ ಹಿಡಿದರೂ ಅದು ಏಳು ಕೋಟಿಯ ಹತ್ತಿರ. ಇಂಗ್ಲೆಂಡಿನ ಒಟ್ಟು ಸರಾಸರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಇಮ್ಮಡಿ. 2025ರ ಏಪ್ರಿಲಿನಿಂದ ಇರುವ ದರದಂತೆ 6 ಲಕ್ಷದ ಮನೆಗೆ ಸರಕಾರಕ್ಕೆ ಸಲ್ಲಿಸಬೇಕಾದ ಮುದ್ರಾಂಕ ಸುಂಕವೇ 20,000 ಪೌಂಡು, ಅಂದರೆ 23 ಲಕ್ಷ ರೂಪಾಯಿ. ನಮ್ಮಲ್ಲಿ ಆ ಹಣಕ್ಕೆ ಒಂದು ಸಾಧಾರಣ ಮನೆಯನ್ನೇ ಕಟ್ಟಿಸಬಹುದು.

ಇಷ್ಟು ಬೆಲೆ ಏಕೆ? ಕಾರಣಗಳನ್ನು ತಿಳಿಯದೆ ತೀರ್ಪು ಹೇಳುವುದು ಸಲ್ಲದು. ಮೊದಲನೆಯದು ರೈಲು. ಲಂಡನ್ನಿಗೆ ನೇರವಾಗಿ ಹೋಗುವ ಮಾರ್ಗ ಇಲ್ಲಿಗೆ ಬಂದದ್ದು 1868ರಲ್ಲಿ. ಇಂದು ವೇಗದ ಗಾಡಿಯಲ್ಲಿ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ಸುಮಾರು 20 ನಿಮಿಷ. ಲಂಡನ್ನಿನ ಒಳಗೇ ಇರುವ ಎಷ್ಟೋ ಬಡಾವಣೆಗಳಿಂದಲೂ ಇಷ್ಟು ಬೇಗ ನಗರಮಧ್ಯಕ್ಕೆ ತಲುಪಲಾಗದು. ಎರಡನೆಯದು ಹಸಿರು ವಲಯದ ಕಾನೂನು. ಲಂಡನ್ ಮಹಾನಗರ ಎಗ್ಗಿಲ್ಲದೆ ಹರಡಬಾರದೆಂದು ಅದರ ಸುತ್ತಲಿನ ಭೂಮಿಯಲ್ಲಿ ಕಟ್ಟಡ ಕಟ್ಟುವುದನ್ನು ತಡೆದಿದ್ದಾರೆ. ಈ ಜಿಲ್ಲೆಯ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಆ ವಲಯಕ್ಕೆ ಸೇರಿದೆ. ಹೊಲಗದ್ದೆ ಉಳಿಯಿತು, ಸಂತೋಷ. ಆದರೆ ಮನೆ ಬೇಕಾದವರ ಸಂಖ್ಯೆ ಬೆಳೆಯುತ್ತಾ ಹೋಯಿತು, ಮನೆಗಳು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಅಲ್ಲಿಯ ಸ್ಥಳೀಯಾಡಳಿತ 1994ರಲ್ಲಿ ಒಪ್ಪಿದ ನಗರಯೋಜನೆಯನ್ನೇ ಮೂವತ್ತು ವರ್ಷ ನಡೆಸಿಕೊಂಡು ಬಂದು, ಹೊಸ ಯೋಜನೆಯ ಕರಡನ್ನು ಸರಕಾರದ ಪರಿಶೀಲನೆಗೆ ಸಲ್ಲಿಸಿದ್ದು 2024ರ ನವೆಂಬರಿನಲ್ಲಿ. ಈಗಾಗಲೇ ಮನೆಯುಳ್ಳವರಿಗೆ ಪಕ್ಕದ ಹೊಲದಲ್ಲಿ ಹೊಸ ಮನೆಗಳೇಳುವುದು ಬೇಡ. ಇದು ಇಂಗ್ಲಿಷರ ದೋಷವೆಂದು ನಗಬೇಕಿಲ್ಲ. ನಮ್ಮ ವಾಳೆಗೆ ರಸ್ತೆ ಅಗಲ ಮಾಡುವ ಮಾತು ಬಂದಾಗ ಯಾರ ಕಂಪೌಂಡು ಗೋಡೆ ಎಷ್ಟು ಇಂಚು ಹಿಂದೆ ಸರಿಯಿತೆಂದು ನಾವೂ ಕಂಡವರೇ.

ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿಯ ಸರಕಾರ ಲಂಡನ್ನಿನ ಸಾಮಾನ್ಯ ಜನರಿಗಾಗಿ ಹೊಸ ಪಟ್ಟಣಗಳನ್ನೇ ಕಟ್ಟಿಸಿತು. 1946ರಲ್ಲಿ ಸ್ಟೀವನೇಜ್, 1947ರಲ್ಲಿ ಹೆಮೆಲ್ ಹೆಂಪ್‌ಸ್ಟೆಡ್, 1948ರಲ್ಲಿ ಹ್ಯಾಟ್‌ಫೀಲ್ಡ್ ಹೀಗೆ ಗೊತ್ತುಮಾಡಿದ ಪಟ್ಟಣಗಳೆಲ್ಲ ಸೇಂಟ್ ಆಲ್ಬನ್ಸಿನ ಆಸುಪಾಸಿನಲ್ಲಿಯೇ ಇವೆ. ಅವು ನೋಡಲು ಅಷ್ಟು ಚಂದವಲ್ಲ ಎನ್ನುತ್ತಾರೆ. ಆದರೆ ಕೂಲಿಕಾರನಿಗೂ ಕಾರಕೂನನಿಗೂ ಸೂರು ಬೇಕೆಂಬ ಯೋಚನೆಯಿಂದ ಹುಟ್ಟಿದ ಊರುಗಳವು. ಸೌಂದರ್ಯದ ತಕ್ಕಡಿಯಲ್ಲಿ ಈ ಅಂಶಕ್ಕೂ ಒಂದಿಷ್ಟು ತೂಕ ಸಲ್ಲಬೇಕು.

ಮೂರನೆಯ ಕಾರಣ ಶಾಲೆಗಳು. ಇದು ನೇರವಾಗಿ ನಮ್ಮ ಮೇಜಿಗೆ ಬರುವ ಸಂಗತಿ. ಇಂಗ್ಲೆಂಡಿನಲ್ಲಿ ಕಥೋಲಿಕ ಶಾಲೆಗಳ ಪೈಕಿ ಹೆಚ್ಚಿನವು ಸರಕಾರದ ಹಣದಿಂದ ನಡೆಯುತ್ತವೆ, ಶುಲ್ಕವಿಲ್ಲ. ಸೇಂಟ್ ಆಲ್ಬನ್ಸಿನಲ್ಲಿ ಹುಡುಗಿಯರಿಗೆ ಲೊರೆಟೊ ಕಾಲೇಜು ಎಂಬ ಪ್ರೌಢಶಾಲೆಯಿದೆ. ಹುಡುಗ ಹುಡುಗಿಯರಿಬ್ಬರಿಗೂ ನಿಕೋಲಸ್ ಬ್ರೇಕ್‌ಸ್ಪಿಯರ್ ಶಾಲೆಯಿದೆ. ಈ ನಿಕೋಲಸ್ ಯಾರೆಂದರೆ, ಇದೇ ಸೀಮೆಯಲ್ಲಿ ಹುಟ್ಟಿ 1154ರಲ್ಲಿ ನಾಲ್ಕನೆಯ ಹೇಡ್ರಿಯನ್ ಎಂಬ ಹೆಸರಿನಿಂದ ಜಗದ್ಗುರುಗಳಾದವರು. ಇಂದಿನವರೆಗೆ ಆ ಪೀಠವೇರಿದ ಏಕೈಕ ಇಂಗ್ಲಿಷರು. ಹುಡುಗನಾಗಿದ್ದಾಗ ಸೇಂಟ್ ಆಲ್ಬನ್ಸಿನ ಮಠಕ್ಕೆ ಸೇರಬಯಸಿ, ವಿದ್ಯೆ ಸಾಲದೆಂದು ಅಲ್ಲಿ ತಿರಸ್ಕೃತರಾದರೆಂಬ ಪ್ರತೀತಿಯುಂಟು. ಇಂದು ಅವರ ಹೆಸರಿನ ಶಾಲೆಯೂ ಸೇರಿದಂತೆ ಆ ಭಾಗದ ಕಥೋಲಿಕ ಶಾಲೆಗಳಲ್ಲಿ ಮಕ್ಕಳಿಗೆ ಆದ್ಯತೆ ಬೇಕಾದರೆ ಜ್ಞಾನಸ್ನಾನದ ದಾಖಲೆ ತೋರಿಸಬೇಕು. ಬೇಡಿಕೆ ಹೆಚ್ಚಿರುವಲ್ಲಿ ಕುಟುಂಬ ತಪ್ಪದೆ ಭಾನುವಾರದ ಬಲಿಪೂಜೆಗೆ ಬರುತ್ತಿದೆಯೆಂದು ಅಲ್ಲಿಯ ಧರ್ಮಗುರುವಿನ ಸಹಿಯುಳ್ಳ ಪತ್ರವನ್ನೂ ಕೇಳುತ್ತಾರೆ. ಇಷ್ಟಾದ ಮೇಲೂ ಮನೆ ಶಾಲೆಗೆ ಎಷ್ಟು ಹತ್ತಿರವೆಂದು ಅಳೆಯುವುದುಂಟು. ಹೀಗಾಗಿ ಶಾಲೆಯ ಬಳಿಯ ಬೀದಿಗಳಲ್ಲಿ ಮನೆಯ ಬೆಲೆ ಇನ್ನೂ ಮೇಲೇರುತ್ತದೆ. ಶುಲ್ಕವಿಲ್ಲದ ಶಾಲೆಯ ಶುಲ್ಕವನ್ನು ಮನೆಯ ಗೋಡೆಗಳಿಗೆ ಕಟ್ಟಿದಂತಾಯಿತು.

ಊರಲ್ಲಿದ್ದಾಗ ಹಬ್ಬಕ್ಕೆ ಮಾತ್ರ ಇಗರ್ಜಿಯ ಮುಖ ನೋಡುತ್ತಿದ್ದ ತರುಣರು ಅಲ್ಲಿಗೆ ಹೋದ ಎರಡೇ ವರ್ಷಗಳಲ್ಲಿ ಮೊದಲ ಸಾಲಿನಲ್ಲಿ ಕೂರತೊಡಗಿದ್ದಾರೆಂದು ಕೇಳಿದರೆ ಒಮ್ಮೆ ಸಂತೋಷವಾಗುತ್ತದೆ, ಮರುಕ್ಷಣ ಸಂದೇಹವಾಗುತ್ತದೆ. ದೇವರ ಕೃಪೆ ಯಾವ ಬಾಗಿಲಿನಿಂದ ಒಳಬರುವುದೋ ಬಲ್ಲವರಾರು! ಶಾಲೆಯ ಅರ್ಜಿಯ ನೆಪದಿಂದ ಬಂದವನು ವಿಶ್ವಾಸದಲ್ಲಿ ನೆಲೆಯೂರಿದ ಉದಾಹರಣೆಗಳೂ ಇದ್ದಾವು. ಆದರೆ ಮಗುವಿಗೆ ಸೀಟು ಸಿಕ್ಕಿದ ಮುಂದಿನ ಭಾನುವಾರ ಆ ಮೊದಲ ಸಾಲು ಖಾಲಿಯಾದರೆ, ಅದನ್ನು ಎಲ್ಲರಿಗಿಂತ ಮೊದಲು ಗಮನಿಸುವುದು ಆ ಮಗುವೇ.

ಈಗ ಲೆಕ್ಕಕ್ಕೆ ಬರೋಣ. ನಮಗೆ ಪರಿಚಯದ ಒಂದು ಕುಟುಂಬವಿದೆ; ಹೆಸರು, ವಾಳೆ ಹೇಳದೆ ಬರೆಯಲು ಅವರ ಒಪ್ಪಿಗೆಯಿದೆ. ಮಗ ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಸೊಸೆ ವಾಟ್‌ಫರ್ಡಿನಲ್ಲಿ ನರ್ಸು. ಇಬ್ಬರ ವರಮಾನ ಸೇರಿ ವರ್ಷಕ್ಕೆ 95,000 ಪೌಂಡು. ಇಲ್ಲಿಯ ಕಣ್ಣಿಗೆ ಅದು ಕುಬೇರನ ಭಂಡಾರ. ಬ್ಯಾಂಕು ವರಮಾನದ ನಾಲ್ಕೂವರೆ ಪಟ್ಟು ಸಾಲ ಕೊಡುವುದು ಅಲ್ಲಿಯ ರೂಢಿ. ಆದುದರಿಂದ 4,27,500 ಪೌಂಡು ಸಿಕ್ಕೀತು. ಅವರು ನೋಡಿರುವ ಎರಡು ಕೋಣೆಯ ಹಳೆಯ ಸಾಲುಮನೆಗೆ 5 ಲಕ್ಷ. ಉಳಿದ 72,500, ಅದರ ಮೇಲೆ ಸುಂಕ 10,000. ಒಟ್ಟು 82,500 ಪೌಂಡು, ಅಂದರೆ ಸುಮಾರು 95 ಲಕ್ಷ ರೂಪಾಯಿ ಕೈಯಿಂದ ಹಾಕಬೇಕು. ಅಡಿಕೆ ತೋಟದ ಮಾತು ಹುಟ್ಟಿದ್ದು ಇಲ್ಲಿ.

ಹಾಕಿದ ಮೇಲೆ ಮುಗಿಯಿತೆ? ನಾಲ್ಕೂವರೆ ಶೇಕಡ ಬಡ್ಡಿಯಲ್ಲಿ ಮೂವತ್ತು ವರ್ಷದ ಸಾಲಕ್ಕೆ ತಿಂಗಳ ಕಂತು 2,160 ಪೌಂಡಿನಷ್ಟಾಗುತ್ತದೆ. ಲಂಡನ್ನಿಗೆ ರೈಲಿನ ವಾರ್ಷಿಕ ಪಾಸು 4,000 ಪೌಂಡಿಗೂ ಮಿಗಿಲು. ಮಗುವನ್ನು ನೋಡಿಕೊಳ್ಳುವ ಕೇಂದ್ರದ ಖರ್ಚು, ನಗರಸಭೆಯ ತೆರಿಗೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಬೇರೆ. ಒಬ್ಬರ ಸಂಬಳ ನಿಂತರೆ ಇಡೀ ಲೆಕ್ಕ ಕುಸಿಯುತ್ತದೆ. ಕೆಲಸದ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಸರಕಾರದ ಸಹಾಯಧನ ಪಡೆಯುವ ಹಕ್ಕಿಲ್ಲ. ಐದು ವರ್ಷ ಕಳೆದರೆ ಕಾಯಂ ನೆಲಸುವ ಅನುಮತಿ ಸಿಗುತ್ತದೆಂಬ ಭರವಸೆಯಲ್ಲಿ ಹೋದವರು ಅನೇಕರು. ಆದರೆ 2025ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರ ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಶ್ವೇತಪತ್ರದಲ್ಲಿ ಮುಂದಿಟ್ಟಿತು. ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕುವವನು ತಾನು ಅಲ್ಲಿ ಎಷ್ಟು ವರ್ಷ ಇರಬಲ್ಲೆನೆಂಬುದನ್ನು ಇನ್ನೊಬ್ಬರ ನಿರ್ಧಾರಕ್ಕೆ ಬಿಟ್ಟು ಸಹಿ ಹಾಕಬೇಕಾಗಿದೆ.

ಹಣಕ್ಕಿಂತ ಮಿಗಿಲಾದದ್ದು ಹೊತ್ತು. ರೈಲಿಗೆ 20 ನಿಮಿಷ ನಿಜ. ಆದರೆ ಮನೆಯಿಂದ ನಿಲ್ದಾಣಕ್ಕೆ, ಅಲ್ಲಿ ಕಾಯುವುದಕ್ಕೆ, ಲಂಡನ್ನಿನಲ್ಲಿಳಿದು ಕಚೇರಿಗೆ ಸೇರುವುದಕ್ಕೆ ಬೇಕಾದ ಹೊತ್ತನ್ನೂ ಕೂಡಿಸಿದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಅದೂ ಗಾಡಿಗಳು ಸರಿಯಾಗಿ ಓಡಿದ ದಿನ. 2018ರ ಮೇ ತಿಂಗಳಲ್ಲಿ ವೇಳಾಪಟ್ಟಿ ಬದಲಾಯಿಸಿದಾಗ ಆ ಮಾರ್ಗದಲ್ಲಿ ವಾರಗಟ್ಟಲೆ ಗಾಡಿಗಳು ರದ್ದಾಗಿ, ಮಕ್ಕಳನ್ನು ಕರೆತರಬೇಕಾದ ತಂದೆತಾಯಿಗಳು ನಿಲ್ದಾಣದಲ್ಲಿ ಪರದಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2020ರ ಮಹಾಮಾರಿಯ ಬಳಿಕ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದಿದೆ. ಅದು ದೊಡ್ಡ ಉಪಕಾರವೇ. ಆದರೆ ಆ ಉಪಕಾರ ಕಂಪ್ಯೂಟರಿನ ಮುಂದೆ ಕೆಲಸ ಮಾಡುವವರಿಗೆ ಮಾತ್ರ. ರೋಗಿಯ ಹಾಸಿಗೆಯನ್ನು ಮನೆಯಲ್ಲಿ ಕುಳಿತು ಬದಲಾಯಿಸಲಾಗದು. ಸೊಸೆಯ ಪಾಳಿ ಹನ್ನೆರಡೂವರೆ ಗಂಟೆಯದು. ಮಗ ಮನೆಗೆ ಬರುವ ಹೊತ್ತಿಗೆ ಅವಳು ರಾತ್ರಿಪಾಳಿಗೆ ಹೊರಡುತ್ತಾಳೆ. ಮಗುವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುವುದು ಹೊಸ್ತಿಲ ಮೇಲೆ. ಸಂಜೆಯ ಜಪಸರದ ಮಾತೆತ್ತಲು ನಮಗೇ ಸಂಕೋಚವಾಗುತ್ತದೆ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಲಂಡನ್ನಿನಲ್ಲಿ ದುಡಿಯುವವರು ಈ ಊರಿನಲ್ಲಿ ನಿದ್ರಿಸುತ್ತಾರೆ. ಈ ಊರಿನಲ್ಲಿ ದುಡಿಯುವ ಎಷ್ಟೋ ಮಂದಿ ಇಲ್ಲಿ ನಿದ್ರಿಸಲಾರರು. 2025ರಲ್ಲಿ ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸಿನ ಮೂಲ ವೇತನ ವರ್ಷಕ್ಕೆ 31,049 ಪೌಂಡು. ನಾಲ್ಕೂವರೆಯಿಂದ ಗುಣಿಸಿದರೆ ಒಂದು ಲಕ್ಷ ನಲವತ್ತು ಸಾವಿರವೂ ಆಗದು. ವೃದ್ಧಾಶ್ರಮಗಳಲ್ಲಿ ಸೇವೆ ಮಾಡುವವರ, ಶಾಲೆಯ ಆಯಾಗಳ, ಅಂಗಡಿಯಲ್ಲಿ ನಿಂತು ದುಡಿಯುವವರ ಸಂಬಳ ಅದಕ್ಕೂ ಕಡಿಮೆ. ಅವರಿಗೆ ಮನೆಯ ಬೆಲೆ ಹೆಚ್ಚುಕಡಿಮೆ ಅರ್ಧದಷ್ಟಿರುವ ಲೂಟನ್ನಿನಂಥ ಊರುಗಳೇ ಗತಿ. ಓಡಿಬಂದ ಅಪರಿಚಿತನಿಗೆ ಬಾಗಿಲು ತೆರೆದ ಗೃಹಸ್ಥನ ಹೆಸರನ್ನು ಹೊತ್ತ ಊರು, ತನ್ನ ರೋಗಿಗಳನ್ನು ಆರೈಕೆ ಮಾಡುವವರಿಗೆ ಒಂದು ಕೋಣೆಯನ್ನು ಕೊಡಲಾರದ ಸ್ಥಿತಿಗೆ ಬಂದಿದೆ. ಇದರಲ್ಲಿ ಯಾವೊಬ್ಬನ ದುಷ್ಟತನವೂ ಇಲ್ಲ. ಎಲ್ಲರೂ ತಮ್ಮ ತಮ್ಮ ಮಕ್ಕಳಿಗಾಗಿ ಒಳ್ಳೆಯದನ್ನೇ ಬಯಸಿದ್ದರ ಫಲವಿದು. ಆದುದರಿಂದಲೇ ಇದು ಯೋಚಿಸಬೇಕಾದ ವಿಷಯ.

ಸಂತ ತೋಮಸ್ ಅಕ್ವಿನಾಸರು ಸಂಪತ್ತನ್ನು ಎರಡಾಗಿ ವಿಂಗಡಿಸುತ್ತಾರೆ. ಅನ್ನ, ಪಾನೀಯ, ಬಟ್ಟೆ, ವಾಹನ, ವಾಸಸ್ಥಾನ ಇವು ಸಹಜ ಸಂಪತ್ತು; ಪ್ರಕೃತಿಯ ಕೊರತೆಯನ್ನು ನೀಗಿಸುತ್ತವೆ. ಹಣ ಕೃತಕ ಸಂಪತ್ತು. ಸಹಜವಾದವುಗಳ ವಿನಿಮಯಕ್ಕಾಗಿ ಮನುಷ್ಯನು ಮಾಡಿಕೊಂಡದ್ದು. ಮೊದಲನೆಯದರ ಬಯಕೆಗೆ ಮಿತಿಯಿದೆ: ಹೊಟ್ಟೆ ತುಂಬಿದವನು ಸಾಕೆನ್ನುತ್ತಾನೆ. ಎರಡನೆಯದಕ್ಕೆ ಮಿತಿಯಿಲ್ಲ. ಅವರಿಗಿಂತ ಬಹು ಹಿಂದೆಯೇ ಅರಿಸ್ಟಾಟಲನೂ ಮನೆವಾರ್ತೆ ನಡೆಸುವ ವಿದ್ಯೆ ಬೇರೆ, ಹಣ ಕೂಡಿಸುವ ವಿದ್ಯೆ ಬೇರೆ ಎಂದಿದ್ದ. ಗುರುಮಠದ ತರಗತಿಯಲ್ಲಿ ಇದನ್ನು ಓದಿದಾಗ ಇಷ್ಟೊಂದು ಸರಳವಾದುದನ್ನು ಇಷ್ಟು ದೊಡ್ಡವರು ಏಕೆ ಹೇಳಬೇಕಾಯಿತೆಂದು ನಮಗೆ ಅನ್ನಿಸಿತ್ತು. ರಾಜಧಾನಿಗಳ ನೆರಳಿನ ಊರುಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಮನೆಯೆಂಬುದು ಮೊದಲನೆಯ ಪಟ್ಟಿಯಿಂದ ಎರಡನೆಯ ಪಟ್ಟಿಗೆ ಜಾರಿಬಿಟ್ಟಿದೆ. "ಇರಲು ಎಷ್ಟು ಜಾಗ ಬೇಕು?" ಎಂಬ ಪ್ರಶ್ನೆಗೆ ಉತ್ತರವಿದೆ. "ಹತ್ತು ವರ್ಷದಲ್ಲಿ ಇದರ ಬೆಲೆ ಎಷ್ಟಾದೀತು?" ಎಂದು ಕೇಳತೊಡಗಿದರೆ ಸಾಕೆನ್ನುವ ಘಳಿಗೆಯೇ ಬಾರದು.

ಸ್ವಂತ ಮನೆಯ ಆಸೆಯನ್ನು ಧರ್ಮಸಭೆ ಕೀಳುಗಳೆಯುವುದಿಲ್ಲ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ, ಕೆಲಸಗಾರನಿಗೆ ಹೆಂಡತಿಮಕ್ಕಳನ್ನು ಪೋಷಿಸಿ ಅಷ್ಟಿಷ್ಟು ಉಳಿಸಿ ಸ್ವಂತದ ಆಸ್ತಿ ಮಾಡಿಕೊಳ್ಳುವಷ್ಟು ಸಂಬಳ ಸಿಗಬೇಕೆಂದರು. 2015ರಲ್ಲಿ ಪೋಪ್ ಫ್ರಾನ್ಸಿಸರು 'ಲೌದಾತೊ ಸೀ' ಪತ್ರದಲ್ಲಿ ಸ್ವಂತ ಮನೆಗೂ ವ್ಯಕ್ತಿಯ ಗೌರವಕ್ಕೂ ಕುಟುಂಬದ ಬೆಳವಣಿಗೆಗೂ ಇರುವ ಸಂಬಂಧವನ್ನು ಎತ್ತಿ ಹೇಳಿ, ಅದರ ಬೆನ್ನಿಗೇ ನಗರಗಳಲ್ಲಿ ದಿನನಿತ್ಯದ ಪ್ರಯಾಣದ ಬವಣೆಯನ್ನೂ ಪ್ರಸ್ತಾಪಿಸಿದರು. ಮನೆಯ ಮಾತನ್ನೂ ದಾರಿಯ ಮಾತನ್ನೂ ಅಕ್ಕಪಕ್ಕದಲ್ಲಿಟ್ಟದ್ದು ಅರ್ಥಪೂರ್ಣ.

ಮೇಲೆ ಹೇಳಿದ ಮಗನೊಂದಿಗೆ ಫೋನಿನಲ್ಲಿ ಮಾತನಾಡಿದಾಗ ಅವನು ನಮ್ಮನ್ನು ಸುಮ್ಮನೆ ಬಿಡಲಿಲ್ಲ. "ಫಾದರ್, ನೀವು ಬಾಡಿಗೆ ಕೊಡದೆ ಗುರುಮನೆಯಲ್ಲಿ ಇರುವವರು. ನಾನು ತಿಂಗಳಿಗೆ ಸಾವಿರದ ಐನೂರಕ್ಕೂ ಹೆಚ್ಚು ಪೌಂಡು ಬಾಡಿಗೆ ಕೊಟ್ಟು, ಮಾಲೀಕ ಏಳು ಅಂದರೆ ಏಳಬೇಕು. ಸ್ವಂತ ಮನೆ ಬೇಡ ಅಂತ ಹೇಳುವುದು ನಿಮಗೆ ಸುಲಭ" ಎಂದ. ಮಾತು ಚುಚ್ಚಿತು, ಆದರೆ ಅದರಲ್ಲಿ ಸುಳ್ಳಿಲ್ಲ. ಬಾಡಿಗೆಯ ಮನೆಯಲ್ಲಿ ಮಗುವಿಗೆ ಶಾಲೆ ಗೊತ್ತುಮಾಡಿ, ಆರು ತಿಂಗಳಿಗೆ ಮನೆ ಖಾಲಿ ಮಾಡಿ ಇನ್ನೊಂದು ಊರಿಗೆ ಹೋಗಬೇಕಾದ ಅಭದ್ರತೆಯನ್ನು ಲಘುವಾಗಿ ಕಾಣಬಾರದು. ಕಂತು ಕಟ್ಟಿದ ಹಣ ಎಂದಾದರೂ ತನ್ನದಾಗುತ್ತದೆ, ಬಾಡಿಗೆ ಕೊಟ್ಟದ್ದು ಹೋಯಿತು ಎಂಬ ಅವನ ವಾದವೂ ಸಮಂಜಸವೇ. ಮನೆ ಕೊಳ್ಳಬೇಡವೆಂದು ನಾವು ಹೇಳಲಿಲ್ಲ, ಹೇಳುವುದೂ ಇಲ್ಲ.

ನಮ್ಮ ಆಕ್ಷೇಪ ಇರುವುದು ತೋಟದ ಬಗ್ಗೆ. ಆ ಎರಡು ಎಕರೆ ಅಡಿಕೆ ತೋಟದ ಮೇಲೆ ತಾಯಿಯ ಜೀವನವಿದೆ; ವಿಧವೆ, ಎಪ್ಪತ್ತು ದಾಟಿದವರು. ಮದುವೆಯಾಗದ ಒಬ್ಬ ಮಗಳು ಅವರನ್ನು ನೋಡಿಕೊಂಡಿದ್ದಾಳೆ. ತೋಟ ಮಾರಿದರೆ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆಂದು ಮಗನ ಮಾತು, ಮನಸ್ಸು ಒಳ್ಳೆಯದೇ. ಆದರೆ ಅಲ್ಲಿಯ ಕಾನೂನು ಅಷ್ಟು ಉದಾರವಲ್ಲ. ವಯಸ್ಸಾದ ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳುವ ನಿಯಮಗಳನ್ನು 2012ರಲ್ಲಿಯೇ ಬಹಳ ಬಿಗಿಗೊಳಿಸಿದ್ದಾರೆ. ಕರೆಸುವವನಿಗೆ ಕಾಯಂ ನೆಲಸುವ ಹಕ್ಕೋ ಪೌರತ್ವವೋ ಇರಬೇಕು. ಹೆತ್ತವರಿಗೆ ನಿತ್ಯದ ಆರೈಕೆ ಅನಿವಾರ್ಯವೆಂದೂ, ಅದು ಸ್ವದೇಶದಲ್ಲಿ ದೊರೆಯದೆಂದೂ ರುಜುವಾತು ಮಾಡಬೇಕು. ಭಾರತದಿಂದ ಹಾಗೆ ರುಜುವಾತು ಮಾಡಿ ಹೋಗುವುದು ಬಲು ಕಷ್ಟ. ಸಂದರ್ಶಕರಾಗಿ ಹೋದರೆ ಸಾಮಾನ್ಯವಾಗಿ ಆರು ತಿಂಗಳು, ಮತ್ತೆ ಹಿಂದೆ ಬರಬೇಕು. ಬರುವುದೆಲ್ಲಿಗೆ? ಇಲ್ಲಿಯ ನೆಲ ಮಾರಿಯಾಗಿದೆ, ಅಲ್ಲಿಯ ನೆಲದ ಮೇಲೆ ಹಕ್ಕಿಲ್ಲ. ಎರಡು ಮನೆಗಳ ನಡುವೆ ಆ ತಾಯಿ ಅತಿಥಿಯಾಗಿ ಉಳಿಯುತ್ತಾರೆ. ಮಗಳ ಪಾಲಿನ ಮಾತನ್ನು ಯಾರೂ ಎತ್ತಿರಲಿಲ್ಲ, ನಾವೇ ಎತ್ತಬೇಕಾಯಿತು. ವಿದೇಶದ ಮನೆಗಾಗಿ ಊರಿನ ಆಸ್ತಿ ಮಾರುವಲ್ಲೆಲ್ಲ ಹೆಣ್ಣುಮಕ್ಕಳ ಪಾಲು ಮಾತಿಲ್ಲದೆ ಕರಗಿಹೋಗುವುದನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೇವೆ. ಸಹಿ ಹಾಕು ಎಂದರೆ ಹಾಕುವ ಅಕ್ಕತಂಗಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಒಳ್ಳೆಯತನ ಯಾರ ಮುಂಗಡ ಹಣವೂ ಆಗಕೂಡದು.

ಹಾಗಾದರೆ ದಾರಿ ಯಾವುದು? ಅದೇ ರೈಲು ಹಳಿಯ ಮೇಲೆ ಉತ್ತರಕ್ಕೆ ಹದಿನೈದು ನಿಮಿಷ ಮುಂದೆ ಹೋದರೆ ಲೂಟನ್. ಅಲ್ಲಿಯೂ ಕಥೋಲಿಕ ದೇವಾಲಯಗಳಿವೆ, ಕಾರ್ಡಿನಲ್ ನ್ಯೂಮನರ ಹೆಸರಿನ ಕಥೋಲಿಕ ಶಾಲೆಯಿದೆ. ಹೆಮೆಲ್ ಹೆಂಪ್‌ಸ್ಟೆಡ್ಡಿನಲ್ಲಿಯೂ ಕಥೋಲಿಕ ಪ್ರೌಢಶಾಲೆಯಿದೆ. ವಾಟ್‌ಫರ್ಡಿನ ಆಸ್ಪತ್ರೆಗೆ ಸೊಸೆ ಅಲ್ಲಿಂದಲೂ ಹೋಗಬಹುದು. ಊರಿನ ಹೆಸರು ಹೇಳಿದಾಗ ಕೇಳಿದವರ ಹುಬ್ಬು ಮೇಲೇರದು, ಅಷ್ಟೇ. ಮುಂಬಯಿಯಲ್ಲಿ ಬಾಂದ್ರಾದ ವಿಳಾಸಕ್ಕೂ ವಸಾಯಿಯ ವಿಳಾಸಕ್ಕೂ ನಮ್ಮವರು ಕಂಡ ವ್ಯತ್ಯಾಸ ಇಂಥದೇ. ಆದರೆ ವಸಾಯಿಯಲ್ಲಿ ನೆಲಸಿದವರ ಮಕ್ಕಳೂ ಓದಿ ಮುಂದೆ ಬಂದರು, ಅವರ ಮನೆಯಲ್ಲಿ ಊರಿಂದ ಹೋದವರಿಗೆ ಒಂದು ಚಾಪೆ ಹಾಸುವಷ್ಟು ಜಾಗವೂ ಇತ್ತು. ಗಂಡಹೆಂಡಿರಿಬ್ಬರೂ ಲಂಡನ್ನಿನಲ್ಲಿ ಒಳ್ಳೆಯ ಸಂಬಳದಲ್ಲಿದ್ದು, ಕಾಯಂ ನೆಲಸುವ ಅನುಮತಿ ಕೈಯಲ್ಲಿದ್ದು, ತಾವೇ ಉಳಿಸಿದ ಹಣದಿಂದ ಸೇಂಟ್ ಆಲ್ಬನ್ಸಿನಲ್ಲಿ ಮನೆ ಮಾಡುವವರಿಗೆ ನಮ್ಮ ಆಶೀರ್ವಾದವಿದೆ. ಅಲ್ಲಿಯ ಉದ್ಯಾನದಲ್ಲಿ ಅವರ ಮಕ್ಕಳು ಆಡಲಿ, ಜೂನ್ ತಿಂಗಳಲ್ಲಿ ಸಂತರ ಹಬ್ಬದ ಯಾತ್ರೆಗೆ ನಮ್ಮವರೂ ಸೇರಲಿ. ಹೊಸದಾಗಿ ಬರುವ ನಮ್ಮ ಹುಡುಗಿಯರಿಗೆ ಬಾಡಿಗೆ ಮನೆ ಸಿಗುವವರೆಗೆ ಒಂದೆರಡು ವಾರ ತಮ್ಮ ಕೋಣೆಯೊಂದನ್ನು ಬಿಟ್ಟುಕೊಡುವವರು ಅವರಲ್ಲಿ ಇದ್ದರೆ ಇನ್ನೂ ಸಂತೋಷ. ಆ ಊರಿನ ಸಂತರ ಕಥೆ ಆರಂಭವಾದದ್ದೇ ಅಂಥ ಒಂದು ಕೋಣೆಯಿಂದ.

ಆ ಕುಟುಂಬದ ತೋಟ ಈ ವರ್ಷ ಮಾರಾಟವಾಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಮಗ ರಜೆಯಲ್ಲಿ ಬರುವವನಿದ್ದಾನೆ. ತಂಗಿಯನ್ನೂ ಕೂರಿಸಿಕೊಂಡು ಮಾತನಾಡುವುದೆಂದು ನಿಶ್ಚಯವಾಗಿದೆ.

ಕೊನೆಗೆ ಕಚೇರಿಯ ಒಂದು ಸೂಚನೆ. ಇಂಗ್ಲೆಂಡಿನಲ್ಲಿ ಮಾಧ್ಯಮಿಕ ಶಾಲೆಗೆ ಅರ್ಜಿ ಸಲ್ಲಿಸಲು ಕೊನೆಯ ದಿನ ಅಕ್ಟೋಬರ್ 31, ಪ್ರಾಥಮಿಕ ಶಾಲೆಗೆ ಜನವರಿ 15. ಜ್ಞಾನಸ್ನಾನದ ಪತ್ರಕ್ಕಾಗಿ ಬರುವ ಅಜ್ಜಅಜ್ಜಿಯರು ಮಗುವಿನ ಪೂರ್ಣ ಹೆಸರು, ಜ್ಞಾನಸ್ನಾನದ ದಿನಾಂಕ, ತಂದೆತಾಯಿ ಹಾಗೂ ಜ್ಞಾನಪೋಷಕರ ಹೆಸರುಗಳನ್ನು ಬರೆದುಕೊಂಡು ಬರಲಿ. ಹಳೆಯ ರಿಜಿಸ್ಟರುಗಳಲ್ಲಿ ಹುಡುಕಲು ಎರಡು ದಿನವಾದರೂ ಬೇಕು. ಭಾನುವಾರದ ಬಲಿಪೂಜೆಗೆ ಬರುತ್ತಾರೆಂಬ ಪತ್ರವನ್ನು ಮಾತ್ರ ನಾವು ಇಲ್ಲಿಂದ ಬರೆದುಕೊಡಲಾರೆವು. ಅದನ್ನು ಅವರಿರುವ ಊರಿನ ಗುರುಗಳಲ್ಲಿಯೇ ಕೇಳಬೇಕು.